ರೈತರ ಸಂಘಕ್ಕೆ ನಿಯಮಾವಳಿ: ಏಕೆ? ಹೇಗೆ?

(ಗ್ರಾಮ ಮಟ್ಟದ ರೈತರ ಸಂಘಗಳ ಪದಾಧಿಕಾರಿಗಳ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



‘ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ’ ಎಂಬುದು ನಮ್ಮ ಹಳ್ಳಿಗಳ ಹಳೆಯ ಮಾತು. ಒಬ್ಬ ರೈತನಿಂದ ಕೊಳ್ಳಲಾಗದ ಒಕ್ಕಣೆ ಯಂತ್ರವನ್ನು ನಲವತ್ತು ಜನ ಸೇರಿ ಕೊಳ್ಳಬಹುದು. ಒಬ್ಬನಿಂದ ಆಗದ ಕೆರೆ ಕಾಲುವೆಯ ಹೂಳೆತ್ತುವ ಕೆಲಸ ಊರು ಕೂಡಿದರೆ ವಾರದಲ್ಲಿ ಮುಗಿಯುತ್ತದೆ. ಇದು ತಮಗೆಲ್ಲ ತಿಳಿದ ವಿಷಯ. ಆದ್ದರಿಂದ ಸಂಘದ ಉಪಯೋಗವನ್ನು ಕುರಿತು ನಾನು ಹೆಚ್ಚು ಹೇಳುವುದಿಲ್ಲ. ಯಂತ್ರ ಬಂದ ಮೇಲೆ ಏಳುವ ಪ್ರಶ್ನೆಗಳನ್ನು ಕುರಿತು ಹೇಳುತ್ತೇನೆ. ಮೊದಲು ಯಾರ ಕಣಕ್ಕೆ ಯಂತ್ರ ಹೋಗಬೇಕು? ಕೆಟ್ಟರೆ ದುರಸ್ತಿ ಖರ್ಚು ಯಾರದು? ಬೀಗದ ಕೈ ಯಾರ ಬಳಿ ಇರಬೇಕು? ವಂತಿಗೆ ಕೊಡದವನಿಗೂ ಬಾಡಿಗೆಗೆ ಕೊಡಬೇಕೇ? ಸಂಘಗಳು ಒಡೆಯುವುದು ಇಂಥ ಪ್ರಶ್ನೆಗಳಿಂದ.

ಬದುವನ್ನು ಬೇಸಿಗೆಯಲ್ಲಿ ಹಾಕುತ್ತೇವೆ. ಮಳೆ ಸುರಿದು ಮಣ್ಣು ಕೊಚ್ಚಿಹೋಗುವಾಗ ಗುದ್ದಲಿ ಹಿಡಿದು ಓಡುವುದರಿಂದ ಪ್ರಯೋಜನವಿಲ್ಲ. ನಿಯಮಾವಳಿಯೂ ಹಾಗೆಯೇ. ಸದಸ್ಯರೆಲ್ಲ ಸ್ನೇಹದಿಂದ ಇರುವಾಗಲೇ ಅದನ್ನು ಬರೆಯಬೇಕು. ಜಗಳ ಹುಟ್ಟಿದ ಮೇಲೆ ಬರೆಯ ಹೊರಟರೆ ಪ್ರತಿಯೊಂದು ನಿಯಮವೂ ಒಬ್ಬರ ಮೇಲೆ ಗುರಿಯಿಟ್ಟಂತೆ ಕಾಣುತ್ತದೆ.

ಯಾವ ಕಾಯಿದೆಯಡಿ ನೋಂದಣಿ?

ಸಂಘ ಕಟ್ಟುವುದು ನಮ್ಮ ಸಂವಿಧಾನ ಕೊಟ್ಟಿರುವ ಮೂಲಭೂತ ಹಕ್ಕು. 19ನೆಯ ಅನುಚ್ಛೇದದಲ್ಲಿ ಅದು ಇದೆ. 2011ರ 97ನೆಯ ತಿದ್ದುಪಡಿಯಿಂದ ಸಹಕಾರ ಸಂಘಗಳ ಹೆಸರೂ ಅಲ್ಲಿ ಸೇರಿತು. ನಮ್ಮ ನಾಡಿಗೆ ಈ ಕೆಲಸ ಹೊಸದಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ 1905ರಲ್ಲಿಯೇ ಕೃಷಿ ಪತ್ತಿನ ಸಹಕಾರ ಸಂಘ ಪ್ರಾರಂಭವಾಗಿತ್ತು.

ಇಂದು ರೈತರ ಮುಂದೆ ಹಲವು ದಾರಿಗಳಿವೆ. ವ್ಯಾಪಾರ ಮಾಡಿ ಲಾಭವನ್ನು ಸದಸ್ಯರಿಗೆ ಹಂಚುವ ಉದ್ದೇಶವಿದ್ದರೆ 1959ರ ಸಹಕಾರ ಸಂಘಗಳ ಕಾಯಿದೆ, 1997ರ ಸೌಹಾರ್ದ ಸಹಕಾರಿ ಕಾಯಿದೆ ಅಥವಾ ರೈತ ಉತ್ಪಾದಕರ ಕಂಪನಿ ಸರಿಯಾದ ದಾರಿ. ಉತ್ಪಾದಕರ ಕಂಪನಿಗೆ ಕನಿಷ್ಠ 10 ಜನ ಉತ್ಪಾದಕರು ಬೇಕು. ತಿಳಿವಳಿಕೆ ಹಂಚುವುದು, ನೆಲಜಲ ಸಂರಕ್ಷಣೆ ಮುಂತಾದ ಸಾರ್ವಜನಿಕ ಉದ್ದೇಶದ ಸಂಘವಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ ಸಾಕು. ಇದಕ್ಕೆ ಕನಿಷ್ಠ 7 ಜನ ಬೇಕು. ಇಂಥ ಸಂಘದ ಆದಾಯ ಸಂಘದ ಉದ್ದೇಶಕ್ಕೇ ಹೋಗತಕ್ಕದ್ದು. ಅದನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಈ ವ್ಯತ್ಯಾಸವನ್ನು ಮೊದಲ ದಿನವೇ ಎಲ್ಲರಿಗೂ ತಿಳಿಸಿರಿ.

ನೋಂದಣಿಗೆ ಉದ್ದೇಶಗಳನ್ನು ಹೇಳುವ ಜ್ಞಾಪನ ಪತ್ರ ಮತ್ತು ನಿಯಮಾವಳಿ ಎರಡೂ ಬೇಕು. ಅನೇಕರು ಪಕ್ಕದೂರಿನ ಸಂಘದ ನಿಯಮಾವಳಿಯನ್ನು ತಂದು, ಹೆಸರು ಬದಲಿಸಿ ಸಲ್ಲಿಸಿಬಿಡುತ್ತಾರೆ. ನೆರೆಯವನ ಮಣ್ಣು ಪರೀಕ್ಷೆಯ ವರದಿ ನೋಡಿ ನಮ್ಮ ಹೊಲಕ್ಕೆ ಗೊಬ್ಬರ ಹಾಕಿದಂತೆ ಇದು. ಕಾಯಿದೆ ಕೇಳುವ ಅಂಶಗಳು ಎಲ್ಲ ಸಂಘಕ್ಕೂ ಒಂದೇ. ಉಳಿದವು ನಿಮ್ಮ ಊರಿಗೆ ಹೊಂದಬೇಕು.

ಸದಸ್ಯರು ಯಾರು?

ನಿಯಮಾವಳಿಯ ಬೇರು ಇದೇ. ಸದಸ್ಯರು ಯಾರೆಂಬುದು ಖಚಿತವಿಲ್ಲದಿದ್ದರೆ ಮತ ಯಾರದು, ಕೋರಂ ಎಷ್ಟು, ಚುನಾವಣೆ ಸರಿಯೇ ಎಂಬ ಯಾವ ಪ್ರಶ್ನೆಗೂ ಉತ್ತರ ಸಿಗುವುದಿಲ್ಲ.

‘ಪಹಣಿಯಲ್ಲಿ ಹೆಸರಿರುವ ರೈತರು ಸದಸ್ಯರಾಗಬಹುದು’ ಎಂದು ಬರೆಯುವುದು ಸುಲಭ. ಆದರೆ ಹಾಗೆ ಬರೆದ ಕೂಡಲೇ ಕಳೆ ಕೀಳುವ, ನಾಟಿ ಮಾಡುವ, ಹೈನು ನೋಡಿಕೊಳ್ಳುವ ಬಹುಪಾಲು ಹೆಣ್ಣುಮಕ್ಕಳು ಹೊರಗುಳಿಯುತ್ತಾರೆ. ಪಾಲಿಗೆ ಉಳುವವರೂ ಹೊರಗುಳಿಯುತ್ತಾರೆ. ಪಟ್ಟಣದಲ್ಲಿದ್ದು ವರ್ಷಕ್ಕೊಮ್ಮೆ ಊರಿಗೆ ಬರುವವರು ಮಾತ್ರ ಒಳಗಿರುತ್ತಾರೆ. ಆದ್ದರಿಂದ ‘ಈ ಗ್ರಾಮದಲ್ಲಿ ಸ್ವಂತ ಅಥವಾ ಪಾಲಿನ ಜಮೀನಿನಲ್ಲಿ ತಾವೇ ಕೃಷಿಯಲ್ಲಿ ತೊಡಗಿರುವ, 18 ವರ್ಷ ತುಂಬಿದ ಸ್ತ್ರೀಪುರುಷರು’ ಎಂದು ಬರೆಯುವುದು ಉತ್ತಮ. ಒಂದು ಮನೆಯಿಂದ ಎಷ್ಟು ಜನ ಎಂಬುದನ್ನೂ ಬರೆಯಿರಿ. ಮಿತಿಯಿಲ್ಲದಿದ್ದರೆ ದೊಡ್ಡ ಕುಟುಂಬವೊಂದು ಇಡೀ ಸಂಘವನ್ನೇ ತನ್ನದಾಗಿ ಮಾಡಿಕೊಳ್ಳಬಹುದು. ಮನೆಗೊಬ್ಬರೇ ಎಂದರೆ ಆ ಒಬ್ಬರು ಸಾಮಾನ್ಯವಾಗಿ ಮನೆಯ ಯಜಮಾನನೇ ಆಗಿರುತ್ತಾನೆ. ಮನೆಗೆ ಇಬ್ಬರು, ಅವರಲ್ಲಿ ಒಬ್ಬರು ಮಹಿಳೆ ಎಂಬ ನಿಯಮ ಈ ಎರಡು ತೊಂದರೆಗಳಿಗೂ ಪರಿಹಾರ.

ಎಷ್ಟು ವಂತಿಗೆ ಕೊಟ್ಟರೂ, ಎಷ್ಟು ಎಕರೆ ಇದ್ದರೂ ಒಬ್ಬರಿಗೆ ಒಂದೇ ಮತ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ನೇಕಾರರೂ ಇತರ ಕೆಲಸಗಾರರೂ ಸೇರಿ 28 ಜನ ಕಟ್ಟಿದ ಸಂಘ ಈ ನಿಯಮವನ್ನು ಪಾಲಿಸಿತು. ಲೋಕದ ಸಹಕಾರ ಚಳವಳಿಗೆಲ್ಲ ಅದು ಮಾದರಿಯಾಯಿತು.

ಮಹಾಸಭೆ ಮತ್ತು ಕೋರಂ

ಸಂಘದ ಯಜಮಾನರು ಅಧ್ಯಕ್ಷರಲ್ಲ, ಮಹಾಸಭೆ. ವರ್ಷಕ್ಕೊಮ್ಮೆ ಅದು ಸೇರಲೇಬೇಕು. ಆಯ್ಕೆಯಾದ ಸಮಿತಿಯ ಪಟ್ಟಿಯನ್ನೂ ಲೆಕ್ಕಪತ್ರಗಳನ್ನೂ ಗಡುವಿನೊಳಗೆ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು.

ಇಲ್ಲಿ ಒಂದು ಲೆಕ್ಕ ನೋಡೋಣ. ಒಂದು ಸಂಘದ ಪುಸ್ತಕದಲ್ಲಿ 120 ಹೆಸರುಗಳಿವೆ ಎಂದಿಟ್ಟುಕೊಳ್ಳಿ. ಕೋರಂ ಮೂರರಲ್ಲಿ ಒಂದು ಭಾಗ, ಅಂದರೆ 40 ಜನ. ಆದರೆ 120ರಲ್ಲಿ 15 ಜನ ತೀರಿಕೊಂಡಿದ್ದಾರೆ. 25 ಜನ ಊರು ಬಿಟ್ಟಿದ್ದಾರೆ. 20 ಜನ ವಂತಿಗೆ ಕೊಡುವುದನ್ನು ಬಿಟ್ಟು ವರ್ಷಗಳಾಗಿವೆ. ನಿಜವಾಗಿ ಉಳಿದವರು 60 ಜನ. ಅವರಲ್ಲಿ 40 ಜನ ಸೇರಬೇಕಾದರೆ ಮೂರರಲ್ಲಿ ಎರಡು ಪಾಲು ಬಂದ ಹಾಗಾಯಿತು. ಸುಗ್ಗಿಯ ಕಾಲದಲ್ಲಿ ಇದು ಆಗುವ ಮಾತಲ್ಲ. ಕೋರಂ ಇಲ್ಲದೆ ಸಭೆ ಮುಂದೂಡಲ್ಪಡುತ್ತದೆ. ‘ಅರ್ಧ ಗಂಟೆಯ ನಂತರ ಅದೇ ಸ್ಥಳದಲ್ಲಿ ಕೋರಂ ಇಲ್ಲದೆ ಸಭೆ ನಡೆಸಬಹುದು’ ಎಂಬ ನಿಯಮ ಹೇಗೂ ಇರುತ್ತದೆ. ಉಳಿದ 12 ಜನ ಕುಳಿತು ಹೊಸ ಸಮಿತಿ ಆರಿಸುತ್ತಾರೆ. ಕಾಗದದ ಮೇಲೆ ಎಲ್ಲವೂ ಕ್ರಮಬದ್ಧ. ಆದರೆ ಅಂದಿನಿಂದ ಸಂಘ 12 ಜನರದು, ಊರಿನದಲ್ಲ.

ಇದನ್ನು ತಪ್ಪಿಸಲು ನಾಲ್ಕು ನಿಯಮಗಳು ಬೇಕು.

1. ಪ್ರತಿ ವರ್ಷ ಮಹಾಸಭೆಗೆ ಮುಂಚೆ ಸದಸ್ಯರ ಪಟ್ಟಿಯನ್ನು ಪರಿಷ್ಕರಿಸತಕ್ಕದ್ದು. ಬಾಕಿ ಇಲ್ಲದ ಸದಸ್ಯರ ಸಂಖ್ಯೆಯ ಮೇಲೆ ಕೋರಂ ಲೆಕ್ಕ ಹಾಕತಕ್ಕದ್ದು.

2. ಪರಿಷ್ಕರಿಸಿದ ಪಟ್ಟಿಯನ್ನು ಸಭೆಗೆ 30 ದಿನ ಮುಂಚೆ ಹಾಲಿನ ಡೇರಿ, ಗ್ರಾಮ ಪಂಚಾಯಿತಿ ಮುಂತಾದ ಎಲ್ಲರೂ ನೋಡುವ ಕಡೆ ಅಂಟಿಸತಕ್ಕದ್ದು. ಬಾಕಿದಾರರಿಗೆ ಹಣ ಕಟ್ಟಲು, ಹೆಸರು ಬಿಟ್ಟುಹೋದವರಿಗೆ ಆಕ್ಷೇಪಣೆ ಸಲ್ಲಿಸಲು ಅವಕಾಶ ಕೊಡತಕ್ಕದ್ದು. ಈ ಎಚ್ಚರಿಕೆ ಇಲ್ಲದಿದ್ದರೆ ಪಟ್ಟಿ ಪರಿಷ್ಕರಣೆಯೇ ಎದುರು ಪಕ್ಷದವರ ಹೆಸರು ಹೊಡೆಯುವ ಸಾಧನವಾಗುತ್ತದೆ.

3. ಚುನಾವಣೆಗೆ ಮುಂಚಿನ 60 ದಿನಗಳಲ್ಲಿ ಸೇರಿದ ಹೊಸ ಸದಸ್ಯರಿಗೆ ಆ ಚುನಾವಣೆಯಲ್ಲಿ ಮತವಿಲ್ಲ. ಮತಕ್ಕಾಗಿಯೇ ಜನರನ್ನು ತುಂಬುವುದು ಇದರಿಂದ ನಿಲ್ಲುತ್ತದೆ.

4. ಮುಂದೂಡಿದ ಸಭೆಯನ್ನು ಕೋರಂ ಇಲ್ಲದೆ ನಡೆಸಿದರೆ ಅಲ್ಲಿ ಲೆಕ್ಕ ಓದುವಂಥ ಸಾಮಾನ್ಯ ಕೆಲಸ ಮಾತ್ರ ನಡೆಯಬಹುದು. ಚುನಾವಣೆ, ನಿಯಮಗಳ ತಿದ್ದುಪಡಿ, ಆಸ್ತಿ ಮಾರಾಟ ಇವುಗಳಿಗೆ ಮತ್ತೆ ತಿಳಿವಳಿಕೆ ಪತ್ರ ಕೊಟ್ಟು, ಬೇರೆ ದಿನ ಸಭೆ ಕರೆಯಬೇಕು.

ಈ ನಿಯಮಗಳನ್ನು ನಿಮ್ಮ ಸಂಘಕ್ಕೆ ಅನ್ವಯಿಸುವ ಕಾಯಿದೆಯೊಂದಿಗೆ ಹೋಲಿಸಿ ನೋಡಿಕೊಳ್ಳಿ. ಕಾಯಿದೆಯಲ್ಲಿ ಬೇರೆ ಅವಧಿ ಅಥವಾ ಸಂಖ್ಯೆ ಇದ್ದರೆ ಅದೇ ಅಂತಿಮ.

ಸಭೆಯ ಕಾಲವನ್ನೂ ಯೋಚಿಸಿ ಗೊತ್ತುಮಾಡಿ. ಮಾರ್ಚ್ 31ಕ್ಕೆ ಲೆಕ್ಕ ಮುಗಿಯುತ್ತದೆ. ಮಳೆಯಾಶ್ರಿತ ಪ್ರದೇಶದಲ್ಲಿ ಮುಂಗಾರು ಬಿತ್ತನೆಗೆ ಮುಂಚಿನ ಬಿಡುವು ಸಭೆಗೆ ಅನುಕೂಲ. ನೀರಾವರಿ ಪ್ರದೇಶದವರು ತಮ್ಮ ಬೆಳೆಯ ಬಿಡುವು ನೋಡಿಕೊಳ್ಳಬೇಕು. ದಿನದ ಹೊತ್ತೂ ಮುಖ್ಯ. ಹಾಲು ಕರೆಯುವ ಹೊತ್ತಿಗೆ ಸಭೆ ಕರೆದು, ‘ಹೆಂಗಸರು ಬರುವುದೇ ಇಲ್ಲ’ ಎಂದರೆ ತಪ್ಪು ಯಾರದು?

ಪದಾಧಿಕಾರಿಗಳು ಯಾರಾಗಬಾರದು?

ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯ ಉತ್ತರಮೇರೂರಿನ ದೇವಾಲಯದ ಗೋಡೆಯ ಮೇಲೆ ಚೋಳ ದೊರೆ ಒಂದನೆಯ ಪರಾಂತಕನ ಕಾಲದ, ಸುಮಾರು 1,100 ವರ್ಷಗಳ ಹಿಂದಿನ ಶಾಸನಗಳಿವೆ. ಅದು ಸ್ವಯಂಪ್ರೇರಿತ ಸಂಘವಾಗಿರಲಿಲ್ಲ. ಬ್ರಾಹ್ಮಣ ಅಗ್ರಹಾರದ ಸಭೆಯಾಗಿತ್ತು. ಎಲ್ಲರಿಗೂ ಅಲ್ಲಿ ಪ್ರವೇಶವಿರಲಿಲ್ಲ. ಆದರೂ ಕೆರೆ, ತೋಟ ಮುಂತಾದ ಸಮಿತಿಗಳಿಗೆ ಸದಸ್ಯರನ್ನು ಆರಿಸುವ ಅದರ ನಿಯಮಗಳು ಇಂದಿಗೂ ವಿಚಾರಯೋಗ್ಯವಾಗಿವೆ. ಹಿಂದಿನ ಮೂರು ವರ್ಷಗಳಲ್ಲಿ ಸಮಿತಿಯಲ್ಲಿದ್ದವರು ಮತ್ತೆ ಬರುವಂತಿಲ್ಲ. ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವರು ಮಾತ್ರವಲ್ಲ, ಅವರ ಹತ್ತಿರದ ಬಂಧುಗಳೂ ಬರುವಂತಿಲ್ಲ. ಅರ್ಹರ ಹೆಸರುಗಳನ್ನು ಓಲೆಗಳಲ್ಲಿ ಬರೆದು, ಕೊಡದಲ್ಲಿ ಹಾಕಿ, ಚಿಕ್ಕ ಹುಡುಗನೊಬ್ಬನ ಕೈಯಿಂದ ಎಲ್ಲರೆದುರಿಗೆ ಎತ್ತಿಸುತ್ತಿದ್ದರು.

ಇದರಿಂದ ನಾವು ಕಲಿಯಬೇಕಾದುದಿದೆ. ಒಬ್ಬರು ಎಷ್ಟೇ ಸಮರ್ಥರಾಗಿರಲಿ, ಒಂದೇ ಹುದ್ದೆಯಲ್ಲಿ ಸತತವಾಗಿ ಎರಡು ಅವಧಿಗಿಂತ ಹೆಚ್ಚು ಇರಬಾರದೆಂದು ಬರೆಯಿರಿ. ಒಂದೇ ಬೆಳೆ ಬೆಳೆದ ಹೊಲದಲ್ಲಿ ಅದೇ ರೋಗ ಬೇರೂರುತ್ತದೆ. ಬೆಳೆ ಬದಲಾವಣೆ ಸಮಿತಿಗೂ ಬೇಕು. ಲೆಕ್ಕ ಒಪ್ಪಿಸದವರು ಮರಳಿ ಸ್ಪರ್ಧಿಸುವಂತಿಲ್ಲ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಈ ಮೂವರಲ್ಲಿ ಯಾವ ಇಬ್ಬರೂ ಒಂದೇ ಮನೆಯವರಾಗಿರಬಾರದು.

ಹಣ ಮತ್ತು ಆಸ್ತಿ

ಬ್ಯಾಂಕ್ ಖಾತೆ ಸಂಘದ ಹೆಸರಿನಲ್ಲಿರಲಿ. ಹಣ ತೆಗೆಯಲು ಇಬ್ಬರ ಸಹಿ ಕಡ್ಡಾಯ. ಖಾಲಿ ಚೆಕ್ಕಿಗೆ ಮುಂಚಿತವಾಗಿ ಸಹಿ ಹಾಕಿಕೊಡುವ ಎರಡನೆಯ ಸಹಿದಾರ ಇದ್ದೂ ಇಲ್ಲದಂತೆ. ಖಜಾಂಚಿಯ ಕೈಯಲ್ಲಿ ಇರಬಹುದಾದ ನಗದಿಗೆ ಮಿತಿ ಹಾಕಿ. ಪಡೆದ ಪ್ರತಿ ರೂಪಾಯಿಗೂ ಕ್ರಮಸಂಖ್ಯೆಯಿರುವ ರಸೀದಿ ಕೊಡಿ. ಯಂತ್ರಕ್ಕೆ ಪ್ರತ್ಯೇಕ ಪುಸ್ತಕವಿಟ್ಟು ದಿನಾಂಕ, ಯಾರಿಗೆ, ಎಷ್ಟು ಗಂಟೆ, ಡೀಸೆಲ್ ಎಷ್ಟು, ಬಾಡಿಗೆ ಎಷ್ಟು ಎಂದು ಬರೆಯಿರಿ. ಬಾಡಿಗೆಯ ಒಂದು ಪಾಲು ದುರಸ್ತಿ ನಿಧಿಗೆ ಹೋಗಬೇಕು. ಇಲ್ಲದಿದ್ದರೆ ಮೊದಲ ದೊಡ್ಡ ದುರಸ್ತಿಯ ದಿನವೇ ಯಂತ್ರ ಮೂಲೆ ಸೇರುತ್ತದೆ.

ಸಮಿತಿಯವರದೇ ಗೊಬ್ಬರದ ಅಂಗಡಿಯಿಂದ ಸಂಘ ಗೊಬ್ಬರ ಕೊಳ್ಳಬಹುದೇ? ಕೊಳ್ಳಬಹುದು. ಆದರೆ ಅವರು ತಮ್ಮ ಸಂಬಂಧವನ್ನು ಸಭೆಗೆ ಮೊದಲೇ ತಿಳಿಸಬೇಕು. ಆ ವಿಷಯದ ಚರ್ಚೆ ನಡೆಯುವಾಗ ಹೊರಗಿರಬೇಕು. ಬೇರೆ ಎರಡು ಅಂಗಡಿಗಳ ದರಪಟ್ಟಿ ಇರಬೇಕು. ಇಷ್ಟು ಬರೆದಿಟ್ಟರೆ ಪ್ರಾಮಾಣಿಕರಿಗೂ ರಕ್ಷಣೆ. ಇಲ್ಲದಿದ್ದರೆ ಬೇಲಿಯೇ ಎದ್ದು ಹೊಲ ಮೇಯಿತೆಂಬ ಮಾತು ತಪ್ಪದು.

ತಪ್ಪು, ದಂಡ ಮತ್ತು ವಿವಾದ

ಎಲಿನಾರ್ ಆಸ್ಟ್ರಮ್ ಎಂಬ ಅಮೆರಿಕದ ವಿದುಷಿ ಸ್ವಿಟ್ಜರ್‌ಲೆಂಡಿನ ಹುಲ್ಲುಗಾವಲು, ಸ್ಪೇನಿನ ಕಾಲುವೆ ಮುಂತಾಗಿ ಜನರೇ ನಡೆಸಿಕೊಂಡು ಬಂದ ಸಾಮೂಹಿಕ ವ್ಯವಸ್ಥೆಗಳನ್ನು ಅಭ್ಯಾಸ ಮಾಡಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು. ಬಹುಕಾಲ ಬಾಳಿದ ವ್ಯವಸ್ಥೆಗಳಲ್ಲಿ ಅವರು ಕಂಡ ಒಂದು ಲಕ್ಷಣವೆಂದರೆ, ಮೊದಲ ತಪ್ಪಿಗೆ ಸಣ್ಣ ದಂಡ, ತಪ್ಪು ಮರುಕಳಿಸಿದಂತೆ ದಂಡವೂ ಏರುವುದು. ಇನ್ನೊಂದು, ವಿವಾದವನ್ನು ಹತ್ತಿರದಲ್ಲೇ, ಕಡಿಮೆ ಖರ್ಚಿನಲ್ಲಿ ಬಗೆಹರಿಸುವ ಏರ್ಪಾಡು.

ನಿಮ್ಮಲ್ಲಿಯೂ ಮೊದಲ ಸಲ ಎಚ್ಚರಿಕೆ, ಎರಡನೆಯ ಸಲ ದಂಡ, ಮೂರನೆಯ ಸಲ ಒಂದು ಹಂಗಾಮಿಗೆ ಸೌಲಭ್ಯ ನಿಲುಗಡೆ, ಎಲ್ಲಕ್ಕೂ ಕೊನೆಗೆ ಸದಸ್ಯತ್ವ ರದ್ದು ಎಂದಿರಲಿ. ಯಾರನ್ನೇ ಆಗಲಿ ತೆಗೆಯುವ ಮುಂಚೆ ಕಾರಣವನ್ನು ಬರಹದಲ್ಲಿ ತಿಳಿಸಬೇಕು. ಉತ್ತರ ಹೇಳಲು ಕನಿಷ್ಠ 15 ದಿನ ಕೊಡಬೇಕು. ಸಮಿತಿಯ ತೀರ್ಮಾನದ ಮೇಲೆ ಮಹಾಸಭೆಗೆ ಮೇಲ್ಮನವಿ ಇರಬೇಕು. ದೂರು ಕೊಟ್ಟವರೇ ತೀರ್ಪು ಕೊಡಬಾರದು. ಸಿಟ್ಟಿನಲ್ಲಿ ಹೊರಹಾಕಿದ ಸದಸ್ಯ ನ್ಯಾಯಾಲಯದ ಮೆಟ್ಟಿಲು ಹತ್ತಿದರೆ ವಕೀಲರಿಗೆ ಹೋಗುವುದು ದುರಸ್ತಿ ನಿಧಿಯ ಹಣವೇ.

ಹಾಗೆಯೇ ತಾನಾಗಿ ಬಿಟ್ಟುಹೋಗುವ ಹಕ್ಕೂ ಇರಬೇಕು. ಒತ್ತಾಯದಿಂದ ಹಿಡಿದಿಟ್ಟ ಸಂಘ ಸ್ವಯಂಪ್ರೇರಿತವಲ್ಲ. ರಾಜೀನಾಮೆ ಯಾರಿಗೆ ಕೊಡಬೇಕು, ಠೇವಣಿ ಎಷ್ಟು ದಿನದಲ್ಲಿ ಮರಳುತ್ತದೆ, ಸದಸ್ಯ ತೀರಿಕೊಂಡರೆ ಮನೆಯವರು ಹೇಗೆ ಸೇರಬಹುದು ಎಂಬುದನ್ನು ಬರೆಯಿರಿ.

ತಿದ್ದುಪಡಿ ಮತ್ತು ವಿಸರ್ಜನೆ

ಕಾಲಕ್ಕೆ ತಕ್ಕಂತೆ ನಿಯಮ ಬದಲಾಗಬೇಕು. ಆದರೆ ಬದಲಿಸುವ ಅಧಿಕಾರ ಸಮಿತಿಗಲ್ಲ, ಮಹಾಸಭೆಗೆ ಮಾತ್ರ. ತಿದ್ದುಪಡಿಯ ಪೂರ್ಣ ಪಾಠ ತಿಳಿವಳಿಕೆ ಪತ್ರದಲ್ಲಿಯೇ ಇರಬೇಕು. ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು’ ಎಂಬ ಕೊನೆಯ ಸಾಲಿನಡಿ ನಿಯಮ ತಿದ್ದಲು ಬಿಡಬೇಡಿ. ಅಂಗೀಕಾರವಾದ ತಿದ್ದುಪಡಿಯನ್ನು ನೋಂದಣಾಧಿಕಾರಿಗಳಲ್ಲಿ ದಾಖಲಿಸಬೇಕು. ಸಂಘ ಮುಚ್ಚಿದರೆ ಆಸ್ತಿ ಏನಾಗಬೇಕೆಂಬುದನ್ನೂ ಕಾಯಿದೆಗೆ ಅನುಸಾರವಾಗಿ ಮೊದಲೇ ಬರೆಯಿರಿ. ಅದು ಅಪಶಕುನವಲ್ಲ.

ರೈತ ಬಾಂಧವರೇ, ಊರಿಗೆ ಮರಳಿದ ಮೇಲೆ ಮೂರು ಕೆಲಸ ಮಾಡಿರಿ. ನಿಮ್ಮ ಸಂಘದ ನಿಯಮಾವಳಿಯನ್ನು ಹುಡುಕಿ ತೆಗೆದು ಒಂದು ಸಂಜೆ ಎಲ್ಲರೆದುರಿಗೆ ಗಟ್ಟಿಯಾಗಿ ಓದಿಸಿರಿ. ಓದು ಬಾರದವರಿಗೂ ಅದು ತಿಳಿಯಬೇಕು. ಸದಸ್ಯರ ಪುಸ್ತಕ ತೆರೆದು, ಪ್ರತಿ ಹೆಸರಿನ ಮುಂದೆ ಆ ಸದಸ್ಯರು ಇಂದು ಎಲ್ಲಿದ್ದಾರೆಂದು ಗುರುತು ಹಾಕಿರಿ. ನಡವಳಿ ಪುಸ್ತಕದಲ್ಲಿ ಕಳೆದ ಮಹಾಸಭೆಗೆ ಬಂದವರ ಸಹಿ ಎಣಿಸಿರಿ. ಸಂಘ ಊರಿನದೋ ಹನ್ನೆರಡು ಜನರದೋ ಎಂಬುದನ್ನು ಆ ಎಣಿಕೆಯೇ ಹೇಳುತ್ತದೆ. ಹನ್ನೆರಡು ಜನರದೆಂದು ಕಂಡುಬಂದರೆ ನಿರಾಶರಾಗಬೇಡಿ. ಪಟ್ಟಿ ಸರಿಪಡಿಸಿ, ಸರಿಯಾದ ತಿಳಿವಳಿಕೆ ಪತ್ರ ಕೊಟ್ಟು, ಮುಂದಿನ ಬಿತ್ತನೆಗೆ ಮುಂಚೆ ಒಂದು ಮಹಾಸಭೆ ಕರೆಯಿರಿ.