ಚಪ್ಪಲಿ ಒಳಗೆ ಹೋಯಿತು, ಮಾಡಿದವ ಹೊರಗೆ ನಿಂತ

(ಉಗಾರ ಬುದ್ರುಕದಲ್ಲಿ ವಿದ್ಯಾರ್ಥಿ ಗೆಳೆಯರ ಮುಂದೆ ಆಡಿದ ಮಾತು)

ನಾವು ಕೂತಿರುವ ಈ ಊರಿನ ಹೆಸರನ್ನೇ ಮೊದಲು ನೋಡೋಣ. ಇದು ಉಗಾರ ಬುದ್ರುಕ, ಅದು ಉಗಾರ ಖುರ್ದ. ಬುದ್ರುಕ ಅಂದರೆ ದೊಡ್ಡದು, ಖುರ್ದ ಅಂದರೆ ಸಣ್ಣದು. ಎರಡೂ ಪಾರಸಿ ಮಾತು. ಮರಾಠಿ ಬಾಯಲ್ಲಿ ಪಳಗಿ ಕನ್ನಡದ ಊರಿಗೆ ಅಂಟಿಕೊಂಡಿವೆ. ನಿಪ್ಪಾಣಿಯ ತಂಬಾಕು, ನಮ್ಮ ರೊಟ್ಟಿಯ ಮೇಲಿನ ಮೆಣಸಿನಕಾಯಿ ಚಟ್ನಿ, ಇವುಗಳ ಮೂಲ ಅಮೆರಿಕ ಖಂಡ. ಪೋರ್ಚುಗೀಸರ ಹಡಗು ಹತ್ತಿ ಬಂದವು. ಕೊಡು-ತಗೋ ಇಲ್ಲದ ಸಂಸ್ಕೃತಿ ಎಲ್ಲೂ ಇಲ್ಲ. 'ನಮ್ಮದು ಶುದ್ಧ' ಅನ್ನುವವರನ್ನು ನಾವು ಚೆನ್ನಾಗಿ ಬಲ್ಲೆವು. ಆ ಶುದ್ಧದ ಮಾತೇ ನಮ್ಮನ್ನು ಊರ ಹೊರಗೆ ಇಟ್ಟದ್ದು.

ಹಂಗಾದರೆ ತಗೊಳ್ಳೋದು ಯಾವಾಗ ತಪ್ಪಾಗುತ್ತದೆ? ಇದಕ್ಕೆ ದೂರ ಹೋಗಬೇಕಿಲ್ಲ, ನಮ್ಮ ಕಾಲ ಕೆಳಗೇ ನೋಡೋಣ.

2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ಪಟ್ಟಣದಲ್ಲಿ ಪ್ರಾಡಾ ಎಂಬ ದೊಡ್ಡ ಕಂಪನಿ ಗಂಡಸರ ಉಡುಪಿನ ಪ್ರದರ್ಶನ ಮಾಡಿತು. ಅಲ್ಲಿ ನಡೆದವರ ಕಾಲಲ್ಲಿ ಥೇಟ್ ಕೊಲ್ಹಾಪುರಿ ಚಪ್ಪಲಿಯಂಥದೇ ಚಪ್ಪಲಿ. ಕಂಪನಿ ಅದನ್ನು ಬರೀ ತೊಗಲಿನ ಚಪ್ಪಲಿ ಎಂದು ಕರೆಯಿತು. ಎಲ್ಲಿಯದು, ಯಾರದು ಎಂಬ ಮಾತಿಲ್ಲ. ಗದ್ದಲ ಎದ್ದ ಮೇಲೆ, ಹೌದು, ಭಾರತದ ಕೈಕೆಲಸದಿಂದ ಸ್ಫೂರ್ತಿ ಪಡೆದದ್ದು ಎಂದು ಒಪ್ಪಿಕೊಂಡಿತು.

'ನಮ್ಮ ಸಂಸ್ಕೃತಿ ಕದ್ದರು' ಎಂದು ಎಲ್ಲರೂ ಕೂಗಿದರು. ಕೂಗಲಿ. ಆದರೆ ನಾವು ಕೇಳುತ್ತೇವೆ: ಯಾರ ಸಂಸ್ಕೃತಿ? ಸತ್ತ ಎಮ್ಮೆ ಎಳೆದವರು ಯಾರು? ತೊಗಲನ್ನು ಸುಣ್ಣದ ನೀರಲ್ಲಿ ನೆನೆಹಾಕಿ, ಕೂದಲು ಹೆರೆದು, ಜಾಲಿ ಚಕ್ಕೆ, ಅಳಲೆಕಾಯಿ ಹಾಕಿ ಹದ ಮಾಡಿದವರು ಯಾರು? ಮೊಳೆ ಹೊಡೆಯದೆ ತೊಗಲಿನ ದಾರದಿಂದಲೇ ಅಟ್ಟೆ ಹೊಲಿದವರು ಯಾರು? ಢೋರರು, ಸಮಗಾರರು. ಜಡೆ ಹೆಣೆದ ಬೆರಳು ಬಹಳಷ್ಟು ನಮ್ಮ ಅವ್ವಂದಿರದು, ಅಕ್ಕಂದಿರದು. ಆ ಚಪ್ಪಲಿ ಮೆಟ್ಟಿ ಗೌಡರ ಓಣಿಯಲ್ಲಿ ಹಾಯಬೇಕಾದರೆ ನಮ್ಮ ಹಿರಿಯರು ಅದನ್ನು ಬಿಚ್ಚಿ ಕೈಯಲ್ಲಿ ಹಿಡಿಯಬೇಕಿತ್ತು. ಮಾಡಿದವನಿಗೇ ಮೆಟ್ಟುವ ಹಕ್ಕಿರಲಿಲ್ಲ. ಆಗ ಸಂಸ್ಕೃತಿಯ ನೆನಪು ಯಾರಿಗೂ ಆಗಲಿಲ್ಲ, ಈಗ ಮಿಲಾನಿನವರು ಮೆಟ್ಟಿದಾಗ ಆಯಿತು.

ಹೆಸರಿನ ಮಾತೂ ಅಷ್ಟೇ. ಅಥಣಿ, ಮದಭಾವಿ, ನಿಪ್ಪಾಣಿ ಕಡೆ ಹೊಲಿದ ಜೋಡು ಕೊಲ್ಹಾಪುರದ ಪೇಟೆಗೆ ಹೋಗಿ ಕೊಲ್ಹಾಪುರಿ ಆಗುತ್ತದೆ. ಪೇಟೆಯ ಹೆಸರು ಉಳಿಯಿತು, ಕೇರಿಯ ಹೆಸರು ಅಳಿಯಿತು. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತು ಇದನ್ನು ಸ್ವಲ್ಪ ನೇರ ಮಾಡಿತು: ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರ, ನಮ್ಮ ಕಡೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ. ಒಟ್ಟು ಎಂಟು ಜಿಲ್ಲೆ. ಆದರೆ ಈ ಗುರುತು ಕಾಯುವುದು ಹೆಸರನ್ನು, ಆಕಾರವನ್ನಲ್ಲ. ಹೆಸರು ಹೇಳದೆ ಆಕಾರ ಎತ್ತಿಕೊಂಡು ಹೋದರೆ ಕಾನೂನಿನ ಕೈ ಗಿಡ್ಡ. ಗುರುತಿನ ಒಡೆತನವೂ ಹೊಲಿಯುವವನ ಕೈಯಲ್ಲಿಲ್ಲ, ಎರಡು ಸರ್ಕಾರಿ ನಿಗಮಗಳ ಕೈಯಲ್ಲಿದೆ: ಅಲ್ಲಿನ ಲಿಡ್‌ಕಾಮ್, ಇಲ್ಲಿನ ಲಿಡ್ಕರ್.

2025ರ ಡಿಸೆಂಬರಿನಲ್ಲಿ ಪ್ರಾಡಾ ಇದೇ ನಿಗಮಗಳ ಜೊತೆ ಒಪ್ಪಂದಕ್ಕೆ ಬಂತು. ಎರಡೂ ರಾಜ್ಯಗಳಲ್ಲಿ 2,000 ಜೋಡು ಮಾಡಿಸುವುದು, ಜೋಡಿಗೆ ಸುಮಾರು 800 ಯೂರೋ. ನಮ್ಮ ಲೆಕ್ಕದಲ್ಲಿ ಎಂಬತ್ತು ಸಾವಿರ ರೂಪಾಯಿಗೂ ಮೇಲೆ. ಕೆಲಸಗಾರರಿಗೆ ತರಬೇತಿಯ ಮಾತೂ ಅದರಲ್ಲಿದೆ. ಒಳ್ಳೇದೇ ಆಯ್ತು, ನಾವು ಬ್ಯಾಡ ಅನ್ನೋದಿಲ್ಲ. ಆದರೆ ಆ ಎಂಬತ್ತು ಸಾವಿರದಲ್ಲಿ ಆರಿ ಹಿಡಿದ ಕೈಗೆ ಎಷ್ಟು? ಹದ ಮಾಡಿದವನಿಗೆ ಎಷ್ಟು? ಮನೆಯಲ್ಲಿ ಕೂತು ಜಡೆ ಹೆಣೆದ ಹೆಣ್ಣುಮಗಳ ಹೆಸರು ಯಾವ ಕಾಗದದಲ್ಲಿದೆ? ಈ ಲೆಕ್ಕ ಕೇಳದೆ ಬಿಡಬಾರದು.

ಈಗ ನಮ್ಮ ಮಾತು. ನಾವೂ ತಗೊಂಡಿದ್ದೇವೆ. ಬಾಬಾಸಾಹೇಬರು ಕೋಟು-ಬೂಟು ಹಾಕಿದರು. ಸ್ವಾತಂತ್ರ್ಯ, ಸಮಾನತೆ, ಬಂಧುತ್ವದ ಮಾತು ಫ್ರಾನ್ಸಿನಿಂದ ತಂದದ್ದೆಂದು ಜನ ತಿಳಿದಾಗ, ಇಲ್ಲ, ನಾನು ಕಲಿತದ್ದು ನನ್ನ ಗುರು ಬುದ್ಧನಿಂದ ಎಂದು 1954ರಲ್ಲಿ ರೇಡಿಯೋದಲ್ಲಿ ಹೇಳಿದರು. ತಗೊಂಡವನು ಕೊಟ್ಟವನ ಹೆಸರು ಹೇಳುವುದು ಹೀಗೆ. ಇನ್ನೊಂದನ್ನೂ ಮರೆಯಬಾರದು. ಮೇಲಿನವನು ನಮ್ಮದು ಹಾಕಿಕೊಂಡರೆ ಫ್ಯಾಷನ್. ನಮ್ಮ ಹುಡುಗ ಬೂಟು ಹಾಕಿ, ಮೀಸೆ ಬಿಟ್ಟರೆ ಸೊಕ್ಕು, ಅದಕ್ಕೆ ಏಟು. ತಕ್ಕಡಿ ಎತ್ತ ವಾಲಿದೆ ನೋಡ್ರಿ.

ನಮ್ಮೊಳಗಿನ ಹುಳುಕನ್ನೂ ಹೇಳಬೇಕು. ಸಮಗಾರರ ಮನೆಯ ನೀರು ಮುಟ್ಟದ ದಲಿತರು ನಮ್ಮಲ್ಲೇ ಇದ್ದಾರೆ. ಹಾಸ್ಟೆಲಿನಲ್ಲಿ 'ನಿಮ್ಮಪ್ಪ ಏನ್ ಮಾಡ್ತಾನ?' ಅಂದರೆ 'ಬಿಸಿನೆಸ್' ಅಂತ ಮುಖ ತಿರುಗಿಸುವವರೂ ನಾವೇ. ನಾಚಿಕೆ ನಮಗೆ ಯಾಕೆ? ನೀವು ರಸಾಯನಶಾಸ್ತ್ರದಲ್ಲಿ ಟ್ಯಾನಿನ್ ಎಂದು ಬಾಯಿಪಾಠ ಮಾಡುವುದನ್ನು ನಿಮ್ಮಜ್ಜ ಜಾಲಿ ಚಕ್ಕೆಯಲ್ಲಿ ಕಂಡಿದ್ದ.

ಹಾಗಂತ ರಂಪಿಗೆ ಹಿಡಿದು ಕುಲಕಸುಬಿಗೆ ವಾಪಸ್ ಹೋಗ್ರಿ ಅಂತ ನಾವು ಹೇಳುತ್ತಿಲ್ಲ. ಸತ್ತ ದನ ಎಳೆಯುವುದು, ಅದರ ಮಾಂಸ ತಿನ್ನುವುದು ಬಿಡಿರೆಂದು 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಹೇಳಿದ್ದು ಹುಟ್ಟಿನಿಂದ ಕಟ್ಟಿದ ಕೆಲಸವನ್ನು ಹರಿಯಲಿಕ್ಕೆ. ಆ ಹಗ್ಗ ಹರಿಯಲೇಬೇಕು. ಹಗ್ಗದ ಜೊತೆ ಅರಿವನ್ನೂ ಎಸೆದರೆ, ಬಿದ್ದದ್ದನ್ನು ಬೇರೆಯವರು ಎತ್ತಿಕೊಂಡು ತಮ್ಮ ಹೆಸರು ಒತ್ತುತ್ತಾರೆ.

ಸಮಗಾರ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ತೊಗಲಿನಿಂದ ಬಸವಣ್ಣನಿಗೆ ಚಪ್ಪಲಿ ಮಾಡಿದರಂತೆ, ಬಸವಣ್ಣ ಅದನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡನಂತೆ. ಆ ಕಥೆಯಲ್ಲಿ ತಗೊಂಡವನಿಗೆ ಮಾಡಿದವರ ಹೆಸರು ಗೊತ್ತಿತ್ತು, ಬೆಲೆ ಗೊತ್ತಿತ್ತು. ಅದು ದೊಡ್ಡದು. ಆದರೆ ತೊಡೆಯ ತೊಗಲು ಕೊಡುವ ಸರದಿ ಮುಗಿಯಿತು, ಗೆಳೆಯರೇ.

ಈ ಸಲ ಸೂಟಿಗೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ಒಯ್ಯಿರಿ. ಅಜ್ಜ, ಅವ್ವರ ಹತ್ತಿರ ಕೂತು ಹದದ ಬಗೆ, ಹೊಲಿಗೆಯ ಬಗೆ, ಹತಾರಗಳ ಹೆಸರು ಬರೆದುಕೊಳ್ಳಿರಿ. ಒಂದು ಜೋಡಿಗೆ ದಲ್ಲಾಳಿ ಎಷ್ಟು ಕೊಟ್ಟ, ಪೇಟೆಯಲ್ಲಿ ಎಷ್ಟಕ್ಕೆ ಮಾರಿದ, ಅದನ್ನೂ ಬರೆಯಿರಿ. ಮುಂದಿನ ಸಭೆಗೆ ಆ ನೋಟ್‌ಬುಕ್ ತರಬೇಕು. ನಿಗಮದ ಬಾಗಿಲಿಗೆ ಹೋಗುವಾಗ ನಮ್ಮ ಕೈಯಲ್ಲಿ ಲೆಕ್ಕ ಇರಲಿ.

ಜೈ ಭೀಮ್.