ಪ್ರಶ್ನೆ ಕೇಳುವವರ ಮರ್ಯಾದೆ

ಪ್ರಶ್ನೆ ಕೇಳುವುದು ಯಾರಿಗೆ ತಾನೆ ಬರುವುದಿಲ್ಲ? ಮಗು ಮಾತು ಕಲಿತ ದಿನದಿಂದ ಅದೇ ಕೆಲಸ ಮಾಡುತ್ತದೆ. ಆದರೆ ಉತ್ತರ ತಿಳಿಯದವನ ಮುಖ ಬಾಡದ ಹಾಗೆ ಪ್ರಶ್ನೆ ಕೇಳುವುದು ಬೇರೆಯೇ ಒಂದು ವಿದ್ಯೆ. ಹಳೆಯ ರಸಪ್ರಶ್ನೆ ಕಾರ್ಯಕ್ರಮಗಳ ಮಾತು ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಹಿರಿಯರು 'ಹಾಗೆ ಕೇಳುವವರು ಈಗ ಎಲ್ಲಿದ್ದಾರೆ?' ಎಂದು ನಿಟ್ಟುಸಿರು ಬಿಡುವುದನ್ನು ನೀವೂ ಕೇಳಿರಬಹುದು. ಆ ನಿಟ್ಟುಸಿರು ಯಾವುದಕ್ಕಾಗಿ ಎಂಬುದನ್ನು ಸ್ವಲ್ಪ ವಿಚಾರಿಸಿ ನೋಡೋಣ.

ಆಟವೇನೋ ನಮಗೆ ಹೊಸದಲ್ಲ. ಸವಳಂಗ, ನ್ಯಾಮತಿ, ಹೊನ್ನಾಳಿಯ ಸುತ್ತಿನಲ್ಲಿ ಜಗಲಿಯ ಮೇಲೆ ಕುಳಿತು ಒಗಟು ಹಾಕುವುದು, ಮದುವೆಯಲ್ಲಿ ಮದುಮಗಳಿಂದ ಒಡಪು ಕಟ್ಟಿಸಿ ಗಂಡನ ಹೆಸರು ಹೇಳಿಸುವುದು, ಎಲ್ಲ ಉಂಟು. ಮಹಾಭಾರತದ ಯಕ್ಷನಂತೂ ಪ್ರಶ್ನೆ ಕೇಳುವವರಲ್ಲಿ ಅತಿ ಕಠಿಣನಾದವನು. ಉತ್ತರ ಹೇಳದೆ ನೀರಿಗೆ ಬಾಯಿಟ್ಟ ನಾಲ್ವರು ಸೋದರರು ಕೊಳದ ದಡದಲ್ಲೇ ಒರಗಿದರು. ಧರ್ಮರಾಯ ಉತ್ತರ ಹೇಳಿ ಗೆದ್ದ. ಒಬ್ಬ ತಮ್ಮನನ್ನು ಬದುಕಿಸಿಕೊ ಎಂದಾಗ ಭೀಮಾರ್ಜುನರನ್ನು ಬಿಟ್ಟು ಮಾದ್ರಿಯ ಮಗ ನಕುಲನನ್ನು ಬೇಡಿದ. ಆತ ಹೇಳಿದ ಉತ್ತರಗಳಲ್ಲಿ ಎಷ್ಟು ನಮಗೆ ನೆನಪಿವೆ? ಬೇಡಿದ ರೀತಿ ಮಾತ್ರ ಎಲ್ಲರಿಗೂ ನೆನಪಿದೆ.

ಈ ಆಟವನ್ನು ಟೆಲಿವಿಷನ್ನಿಗೆ ಒಗ್ಗಿಸಿ ಬೆಳೆಸಿದ ದೇಶಗಳಲ್ಲಿ ಬ್ರಿಟನ್ ಒಂದು. 1955ರಲ್ಲಿ ಅಲ್ಲಿ 'ಟೇಕ್ ಯುವರ್ ಪಿಕ್' ಎಂಬ ಕಾರ್ಯಕ್ರಮ ಟೆಲಿವಿಷನ್ನಿಗೆ ಬಂತು. ನಡೆಸುತ್ತಿದ್ದವರು ಮೈಕೇಲ್ ಮೈಲ್ಸ್. ಅವರು ಒಂದು ನಿಮಿಷ ಬಿಡುವಿಲ್ಲದೆ ಪ್ರಶ್ನೆ ಕೇಳುವರು. ಎದುರಿಗಿದ್ದವರು 'ಹೌದು', 'ಇಲ್ಲ' ಎಂಬ ಎರಡು ಮಾತು ಬಿಟ್ಟು ಉತ್ತರ ಹೇಳಬೇಕು. ತಪ್ಪಿದರೆ ಜಾಗಟೆಯ ಪೆಟ್ಟು! ನೀವು ಮನೆಯಲ್ಲಿ ಆಡಿ ನೋಡಿ, 'ಊಟ ಆಯಿತೆ?' ಎಂಬ ಎರಡನೆಯ ಪ್ರಶ್ನೆಗೇ ಜಾಗಟೆ ಬಾರಿಸಬೇಕಾದೀತು.

1972ರಲ್ಲಿ ಬಿ.ಬಿ.ಸಿ.ಯಲ್ಲಿ ಬಂದ 'ಮಾಸ್ಟರ್‌ಮೈಂಡ್' ಇದಕ್ಕಿಂತ ಗಂಭೀರವಾದದ್ದು. ಅದನ್ನು ಕಲ್ಪಿಸಿದ ಬಿಲ್ ರೈಟ್ ಎಂಬವರು ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಕೈಗೆ ಸೆರೆ ಸಿಕ್ಕಿ ಗೆಸ್ಟಾಪೊ ವಿಚಾರಣೆಗೆ ಗುರಿಯಾದವರು. ಸೆರೆಯಾಳು ಹೇಳಬೇಕಾದದ್ದು ಹೆಸರು, ದರ್ಜೆ, ಸಂಖ್ಯೆ. ಇಲ್ಲಿ ಸ್ಪರ್ಧಿ ಹೇಳುವುದು ಹೆಸರು, ಉದ್ಯೋಗ, ತಾನು ಆರಿಸಿಕೊಂಡ ವಿಷಯ. ಕತ್ತಲೆಯ ಕೋಣೆ, ಒಂದು ಕಪ್ಪು ಕುರ್ಚಿ, ಅದರ ಮೇಲೆ ಬೆಳಕು. ಹೆದರಿಕೆ ಹುಟ್ಟಿಸುವುದಕ್ಕೆ ಇನ್ನೇನು ಬೇಕು?

ಆದರೆ ಎದುರಿಗೆ ಕುಳಿತವರು ಮ್ಯಾಗ್ನಸ್ ಮ್ಯಾಗ್ನಸನ್. ಐಸ್‌ಲೆಂಡಿನಲ್ಲಿ ಹುಟ್ಟಿ ಸ್ಕಾಟ್ಲೆಂಡಿನಲ್ಲಿ ಬೆಳೆದ ಈ ವಿದ್ವಾಂಸರು 1997ರವರೆಗೆ, ಇಪ್ಪತ್ತೈದು ವರ್ಷ, ಆ ಕೆಲಸ ಮಾಡಿದರು. ಪ್ರಶ್ನೆಯ ನಡುವೆ ಸಮಯ ಮುಗಿದ ಗಂಟೆ ಬಾರಿಸಿದರೆ, 'ಆರಂಭಿಸಿದ್ದೇನೆ, ಮುಗಿಸುತ್ತೇನೆ' ಎಂದು ಹೇಳಿ ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರಕ್ಕೆ ಅವಕಾಶ ಕೊಡುವರು. ಆ ಒಂದು ಮಾತು ಅಲ್ಲಿ ಗಾದೆಯಂತೆ ಆಗಿಹೋಯಿತು. ಗೆದ್ದವರಿಗೆ ಸಿಗುತ್ತಿದ್ದುದು ಗಾಜಿನ ಒಂದು ಬಟ್ಟಲು, ಹಣವಿಲ್ಲ. 1980ರಲ್ಲಿ ಅದನ್ನು ಗೆದ್ದವರು ಲಂಡನ್ನಿನ ಒಬ್ಬ ಟ್ಯಾಕ್ಸಿ ಚಾಲಕರು. ವಿಚಾರಣೆಯ ಕುರ್ಚಿ ಮರ್ಯಾದೆಯ ಪೀಠವಾದುದು ಹೀಗೆ.

ಟೆರ್ರಿ ವೋಗನ್ ಎಂಬ ಐರಿಷ್ ಮಾತುಗಾರರು 1979ರಿಂದ ನಡೆಸಿಕೊಟ್ಟ 'ಬ್ಲಾಂಕೆಟಿ ಬ್ಲಾಂಕ್' ಎಂಬ ಹಾಸ್ಯದ ಆಟವೂ ಹೀಗೆಯೇ. ಸೋತವರಿಗೆ ಸಮಾಧಾನಕ್ಕೆಂದು ಕಾರ್ಯಕ್ರಮದ ಹೆಸರಿನ ಒಂದು ಚೆಕ್ಕುಪುಸ್ತಕ, ಒಂದು ಪೆನ್ನು! ಬಹುಮಾನ ಅಲ್ಪವಾದದ್ದೆಂದು ನಡೆಸುವವರೇ ನಗುತ್ತಿದ್ದರು. ಆ ಪೆನ್ನನ್ನೇ ಜನ ಇಂದಿಗೂ ಪ್ರೀತಿಯಿಂದ ನೆನೆಯುತ್ತಾರೆ.

ನಮ್ಮ ದೇಶದಲ್ಲಿ ಇದಕ್ಕೆ ಮೊದಲು ಜಾಗ ಕೊಟ್ಟದ್ದು ರೇಡಿಯೋ. ಬೋರ್ನ್‌ವಿಟಾ ಹೆಸರಿನ ರಸಪ್ರಶ್ನೆಯನ್ನು 1972ರಲ್ಲಿ ಹಮೀದ್ ಸಯಾನಿ ಆರಂಭಿಸಿದರು. 1975ರಲ್ಲಿ ಅವರು ತೀರಿಕೊಂಡ ಮೇಲೆ ತಮ್ಮ ಅಮೀನ್ ಸಯಾನಿ ಮುಂದುವರಿಸಿದರು. 1985ರಲ್ಲಿ ಸಿದ್ಧಾರ್ಥ ಬಸು ದೂರದರ್ಶನದಲ್ಲಿ 'ಕ್ವಿಜ್ ಟೈಮ್' ನಡೆಸಿದರು. ಅದು ಇಂಗ್ಲಿಷಿನದು. ನಮ್ಮ ಕಡೆಯ ಹಳ್ಳಿಯ ಮನೆಗಳಲ್ಲಿ ಕುಳಿತವರಿಗೆ ಪ್ರಶ್ನೆಗಿಂತ ಮೊದಲು ಭಾಷೆಯೇ ಒಂದು ಒಗಟು.

ಆ ಒಗಟು ಬಿಡಿಸಿದ ದಿನ 2002ರ ಜನವರಿ 4. ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರ ಅವರ 'ಥಟ್ ಅಂತ ಹೇಳಿ' ಆರಂಭವಾಯಿತು. ಓದಿನಿಂದ ವೈದ್ಯರು, ಬರವಣಿಗೆಯಿಂದ ಸಾಹಿತಿಗಳು. ಸರಿಯುತ್ತರಕ್ಕೆ ಅವರು ಕೊಡುತ್ತ ಬಂದದ್ದು ಒಂದು ಕನ್ನಡ ಪುಸ್ತಕ. ಕಾರ್ಯಕ್ರಮ ಮೂರು ಸಾವಿರ ಕಂತುಗಳನ್ನು ದಾಟಿತು. ಎಷ್ಟು ಮನೆಗಳಿಗೆ ಎಷ್ಟು ಪುಸ್ತಕ ಹೋಗಿರಬೇಕು, ನೀವೇ ಲೆಕ್ಕ ಹಾಕಿ! ಗಾಜಿನ ಬಟ್ಟಲನ್ನು ಕಪಾಟಿನಲ್ಲಿಟ್ಟು ನೋಡಬಹುದು. ಪುಸ್ತಕವನ್ನು ನೆರೆಮನೆಯವರೂ ಕೇಳಿಕೊಂಡು ಹೋಗಿ ಓದಬಹುದು. ಕೆಲವು ಸಲ ಅದು ಹಿಂದಿರುಗಿ ಬಾರದೆಯೂ ಇರಬಹುದು, ಅದೂ ಜ್ಞಾನಪ್ರಸಾರವೇ.

ಬ್ರಿಟನ್ನಿನ ಇನ್ನೊಂದು ಆಟ ದೊಡ್ಡ ಹಣದೊಂದಿಗೆ ಬಂತು. 1998ರ ಸೆಪ್ಟೆಂಬರಿನಲ್ಲಿ ಕ್ರಿಸ್ ಟ್ಯಾರಂಟ್ ಅಲ್ಲಿ ಆರಂಭಿಸಿದ ಕೋಟ್ಯಧಿಪತಿಯ ಆಟ 2000ದಲ್ಲಿ ಅಮಿತಾಭ್ ಬಚ್ಚನ್ನರ ಮೂಲಕ ಹಿಂದಿಗೂ, 2012ರ ಮಾರ್ಚಿನಲ್ಲಿ 'ಕನ್ನಡದ ಕೋಟ್ಯಧಿಪತಿ' ಎಂಬ ಹೆಸರಿನಿಂದ ನಮ್ಮ ಭಾಷೆಗೂ ಬಂತು. ನಡೆಸಿಕೊಟ್ಟವರು ಪುನೀತ್ ರಾಜಕುಮಾರ್. ಹಣ ದೊಡ್ಡದಾದಲ್ಲಿ ಆಸೆಯೂ ದೊಡ್ಡದು: 2001ರಲ್ಲಿ ಬ್ರಿಟನ್ನಿನ ಒಬ್ಬ ಸೇನಾಧಿಕಾರಿ ಸಭಿಕರ ನಡುವಿನ ಕೆಮ್ಮಿನ ಸನ್ನೆಯಿಂದ ಹತ್ತು ಲಕ್ಷ ಪೌಂಡು ಗೆದ್ದು, 2003ರಲ್ಲಿ ನ್ಯಾಯಾಲಯದಲ್ಲಿ ತಪ್ಪಿತಸ್ಥನೆನಿಸಿಕೊಂಡ. ಆದರೆ 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡಾಗ ಆ ಕಾರ್ಯಕ್ರಮವನ್ನು ನೆನೆದವರು ಯಾರು ಎಷ್ಟು ಲಕ್ಷ ಗೆದ್ದರೆಂದು ಮಾತಾಡಿದರೆ? ಹಳ್ಳಿಯಿಂದ ಬಂದು ಆ ಎತ್ತರದ ಕುರ್ಚಿಯಲ್ಲಿ ಮುದುಡಿ ಕುಳಿತವರನ್ನು ಅವರು ಹೇಗೆ ನಗಿಸಿ ಸಡಿಲಗೊಳಿಸುತ್ತಿದ್ದರು ಎಂಬುದನ್ನೇ ಹೇಳಿದರು.

ಇದರ ಗುಟ್ಟೇನು? ತಪ್ಪು ಉತ್ತರಕ್ಕೂ ಒಂದು ಕಾರಣವಿರುತ್ತದೆ ಎಂಬುದನ್ನು ಒಳ್ಳೆಯ ಪ್ರಶ್ನೆಗಾರ ಬಲ್ಲ. ನಮ್ಮೂರಿನದೇ ಉದಾಹರಣೆ ಹೇಳುತ್ತೇನೆ. 'ಸವಳಂಗ ಯಾವ ಜಿಲ್ಲೆ, ಯಾವ ತಾಲ್ಲೂಕು?' ಎಂದು ಮನೆಯಲ್ಲಿ ಕೇಳಿ. 'ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲ್ಲೂಕು' ಎಂದು ಅಜ್ಜ ಹೇಳುತ್ತಾರೆ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಗಿ ಹೊನ್ನಾಳಿ ಅದಕ್ಕೆ ಸೇರಿದ್ದರಿಂದ ಅಪ್ಪ 'ದಾವಣಗೆರೆ ಜಿಲ್ಲೆ, ಹೊನ್ನಾಳಿ ತಾಲ್ಲೂಕು' ಎಂದು ತಿದ್ದುತ್ತಾರೆ. ಈಚೆಗೆ ನ್ಯಾಮತಿಯೇ ತಾಲ್ಲೂಕಾಗಿದೆ. ಮೊಮ್ಮಗಳು ಇಬ್ಬರನ್ನೂ ನೋಡಿ ನಗುತ್ತಾಳೆ. ಪುಸ್ತಕ ಅವಳಿಗೇ ಸಲ್ಲಬೇಕು, ನಿಜ. ಆದರೆ ಅಜ್ಜನನ್ನು 'ತಪ್ಪು' ಎಂದು ಕೂರಿಸಿಬಿಟ್ಟರೆ ಅರ್ಧ ಚರಿತ್ರೆಯನ್ನೇ ಕೂರಿಸಿದಂತಾಗುತ್ತದೆ. 'ನೀವು ಹೇಳಿದ್ದು ಮೊದಲು ಸರಿಯಾಗಿತ್ತು, ಯಾವಾಗ ಬದಲಾಯಿತು ಗೊತ್ತೆ?' ಎಂದು ಕೇಳಿದರೆ ಮೂವರಿಗೂ ಲಾಭ.

ಇಂದು ಜೇಬಿನ ಫೋನಿನಲ್ಲಿ ಉತ್ತರ ಕ್ಷಣಾರ್ಧದಲ್ಲಿ ಸಿಗುತ್ತದೆ. ಅದು ಒಳ್ಳೆಯದೇ. ಆದರೆ ಫೋನು ಒಬ್ಬೊಬ್ಬರ ಕೈಯಲ್ಲಿ ಬೇರೆ ಬೇರೆ. ಪ್ರಶ್ನೆಯೂ ಉತ್ತರವೂ ಮೌನವಾಗಿ ಮುಗಿದುಹೋಗುತ್ತವೆ. ಹಿಂದೆ ಒಂದೇ ಪೆಟ್ಟಿಗೆಯ ಮುಂದೆ ಮನೆಯವರೆಲ್ಲ ಕುಳಿತು, ಸ್ಪರ್ಧಿಗಿಂತ ಮೊದಲು ಉತ್ತರ ಕೂಗಿ, ತಪ್ಪಾದಾಗ ನಕ್ಕು, ಸರಿಯಾದಾಗ ಬೀಗುತ್ತಿದ್ದರು. ಒಲೆಯ ಮುಂದಿನಿಂದಲೇ ಅಮ್ಮ ಹೇಳಿದ ಉತ್ತರ ಸರಿಯಾದಾಗ ಮಕ್ಕಳು ಅವಳನ್ನು ಹೊಸದಾಗಿ ನೋಡುತ್ತಿದ್ದರು. ಶಾಲೆಗೆ ಹೋಗುವ ಅವಕಾಶ ತಪ್ಪಿದವರಿಗೆ ಅದು ಸಣ್ಣ ಮರ್ಯಾದೆಯಲ್ಲ.

ತರಗತಿಯಲ್ಲಿ ಒಮ್ಮೆ ನಗೆಪಾಟಲಾದ ಹುಡುಗ ಮತ್ತೆ ಕೈಯೆತ್ತುವುದಿಲ್ಲ. ಕೈಯೆತ್ತದವನು ಕಲಿಯುವುದೂ ಕಡಿಮೆ. ಹಳೆಯ ಪ್ರಶ್ನೆಗಾರರು ನಮಗೆ ಬಿಟ್ಟುಹೋದ ಆಸ್ತಿ ಈ ಎಚ್ಚರವೇ. ಅದನ್ನು ಉಳಿಸಿಕೊಳ್ಳಲು ಬೆಳಕು, ಕಪ್ಪು ಕುರ್ಚಿ, ಕೋಟಿ ಹಣ ಬೇಕಾಗಿಲ್ಲ. ವಾರಕ್ಕೊಂದು ಸಂಜೆ ಊಟವಾದ ಮೇಲೆ ಹತ್ತು ಪ್ರಶ್ನೆ ಸಾಕು. ಪ್ರಶ್ನೆಗಳಲ್ಲಿ ಐದು ಪುಸ್ತಕದವು, ಐದು ಹೊಲ, ಅಡಿಗೆಮನೆ, ನೆಂಟಸ್ತಿಕೆಯವು ಇರಲಿ. ಆಗ ಎಲ್ಲರೂ ಒಂದಾದರೂ ಗೆಲ್ಲುವರು. ಕೇಳುವ ಸರದಿ ಪ್ರತಿ ವಾರ ಒಬ್ಬರಿಂದೊಬ್ಬರಿಗೆ ದಾಟಲಿ. ತಪ್ಪು ಹೇಳಿದವರನ್ನು 'ಹಾಗೇಕೆ ಎಣಿಸಿದಿರಿ?' ಎಂದು ಒಮ್ಮೆ ಕೇಳಿ. ಬಹುಮಾನಕ್ಕೆ ಒಂದು ಪುಸ್ತಕವಿದ್ದರೆ ಚೆನ್ನ. ಇಲ್ಲವಾದರೆ ಒಂದು ಪೆನ್ನೂ ಆದೀತು.