ಅತಿಸೇವನೆಯ ಸಾವುಗಳು ಲೆಕ್ಕಕ್ಕೆ ಸಿಗಬೇಕು: ಬಹುಭಾಷಾ ಗ್ರಾಮಗಳಲ್ಲಿ ಪಂಚಾಯಿತಿಯ ಹೊಣೆ

(ಉಪನ್ಯಾಸದ ಪಠ್ಯ)



ಯಲಹಂಕ, ಹೆಬ್ಬಾಳ, ಯಶವಂತಪುರ ಹಾಗೂ ಆರ್.ಟಿ. ನಗರಗಳನ್ನೊಳಗೊಂಡ ಉತ್ತರ ಬೆಂಗಳೂರು ಬಹುಭಾಷಾ ಪ್ರದೇಶ. 2011ರ ಜನಗಣತಿಯಲ್ಲೇ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮಾತೃಭಾಷಿಕರು ಅರ್ಧಕ್ಕಿಂತ ಕಡಿಮೆ ಇದ್ದರು. ತೆಲುಗು, ತಮಿಳು, ಉರ್ದು ಹಾಗೂ ಹಿಂದಿ ಮಾತೃಭಾಷಿಕರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಕಟ್ಟಡ ಕಾಮಗಾರಿಯ ಶೆಡ್ಡುಗಳಲ್ಲಿ ಬಿಹಾರ, ಒಡಿಶಾ ಹಾಗೂ ಪಶ್ಚಿಮ ಬಂಗಾಳದ ಕಾರ್ಮಿಕರು ನೆಲೆಸಿದ್ದಾರೆ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 2.26 ಕೋಟಿ ಜನರು ಅಫೀಮು ವರ್ಗದ ಪದಾರ್ಥಗಳನ್ನು ಬಳಸುತ್ತಾರೆ. ಇದರಲ್ಲಿ ಹೆರಾಯಿನ್ ಮಾತ್ರವಲ್ಲ, ನೋವು ನಿವಾರಕ ಮಾತ್ರೆಗಳ ದುರ್ಬಳಕೆಯೂ ಸೇರಿದೆ. ಟ್ರಮಡಾಲ್ ಮಾತ್ರೆಯನ್ನು 2018ರಲ್ಲಿ ಮಾದಕ ವಸ್ತು ಕಾಯ್ದೆಯ ವ್ಯಾಪ್ತಿಗೆ ತರಲಾಯಿತು. ಆ ಸಮೀಕ್ಷೆಯು ಮನೆ ಮನೆ ಭೇಟಿಯೊಂದಕ್ಕೇ ನಿಲ್ಲಲಿಲ್ಲ. ವ್ಯಸನಕ್ಕೊಳಗಾದವರ ಮೂಲಕವೇ ಅವರ ಪರಿಚಿತರನ್ನು ತಲುಪುವ ಕ್ರಮವನ್ನೂ ಅನುಸರಿಸಿತು. ಮನೆಯ ಲೆಕ್ಕದಲ್ಲಿ ಇಲ್ಲದವರು ಮನೆಗಣತಿಗೆ ಸಿಗುವುದಿಲ್ಲ ಎಂಬುದೇ ಇದಕ್ಕೆ ಕಾರಣ.

ಗ್ರಾಮ ಮಟ್ಟದಲ್ಲಿಯೂ ಇದೇ ಕೊರತೆ ಕಾಡುತ್ತದೆ. ಶೆಡ್ಡಿನಲ್ಲಿ ಯುವಕನೊಬ್ಬ ರಾತ್ರಿ ಮಲಗಿದವನು ಬೆಳಗ್ಗೆ ಏಳಲಿಲ್ಲವೆಂದರೆ, ಜೊತೆಗಾರರಿಗೆ ಕನ್ನಡ ಬಾರದು, ಕೇಳುವವರಿಗೆ ಅವರ ಭಾಷೆ ತಿಳಿಯದು. ಪೊಲೀಸರ ಭಯವೂ ಸೇರಿ, ಸಾವು 'ಹೃದಯಾಘಾತ'ವೆಂದು ದಾಖಲಾಗುವ ಸಂಭವವಿದೆ. ಕಾರಣ ದಾಖಲಾಗದಿದ್ದರೆ ಅದೇ ಮಾತ್ರೆಯನ್ನು ನುಂಗುತ್ತಿರುವ ಪಕ್ಕದವನಿಗೆ ಎಚ್ಚರಿಕೆ ತಲುಪುವುದಿಲ್ಲ. ತಪ್ಪಾದ ಲೆಕ್ಕವು ಮುಂದಿನ ಸಾವಿಗೆ ದಾರಿ ಮಾಡಿಕೊಡುತ್ತದೆ.

ಆದ್ದರಿಂದ ಸದಸ್ಯರು ಗಮನಿಸಬೇಕಾದ ಅಂಶಗಳು ಇವು:

1. ಗ್ರಾಮ ಆರೋಗ್ಯ, ನೈರ್ಮಲ್ಯ ಹಾಗೂ ಪೌಷ್ಟಿಕಾಂಶ ಸಮಿತಿಯು ಆಶಾ ಕಾರ್ಯಕರ್ತೆಯರ ನೆರವಿನಿಂದ ವಾರ್ಡುವಾರು ಆಡುವ ಭಾಷೆ, ಓದಬಲ್ಲ ಭಾಷೆ ಹಾಗೂ ವಾಸದ ಬಗೆಯನ್ನು ದಾಖಲಿಸಬೇಕು. ಶೆಡ್ಡು, ಬಾಡಿಗೆ ಕೋಣೆಗಳನ್ನು ಬಿಡಬಾರದು. ಆಡುವ ಭಾಷೆಯನ್ನು ಓದಲು ಬಾರದವರಿಗೆ ಕರಪತ್ರ ನಿಷ್ಪ್ರಯೋಜಕ. ಅವರಿಗೆ ಧ್ವನಿ ಸಂದೇಶ ಬೇಕು.

2. ವ್ಯಸನಿಗಳ ಹೆಸರಿನ ಪಟ್ಟಿಯನ್ನು ಎಂದಿಗೂ ಮಾಡಬಾರದು. ಸಂಖ್ಯೆಗಳನ್ನು ಒಟ್ಟುಗೂಡಿಸಿಯೇ ಸಭೆಯ ಮುಂದಿಡಬೇಕು. ಸಣ್ಣ ಗ್ರಾಮದಲ್ಲಿ ಭಾಷೆ ಮತ್ತು ವಯಸ್ಸು ಹೇಳಿದರೆ ಸಾಕು, ವ್ಯಕ್ತಿ ಯಾರೆಂದು ಊರಿಗೆ ತಿಳಿಯುತ್ತದೆ. ಯಾವುದೇ ಭಾಷಿಕರನ್ನು ದೂಷಿಸಲು ಈ ಅಂಕಿಅಂಶ ಬಳಕೆಯಾಗಕೂಡದು.

3. ಮಾದಕ ವಸ್ತು ಕಾಯ್ದೆ, 1985ರ ಕಲಂ 64ಎ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವುಳ್ಳ ವ್ಯಸನಿಯು ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ದೊರೆಯುತ್ತದೆ. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದರೆ ಈ ರಕ್ಷಣೆಯನ್ನು ಹಿಂಪಡೆಯಬಹುದು. ಈ ವಿಷಯವನ್ನು ಅವರವರ ಭಾಷೆಯಲ್ಲೇ ತಿಳಿಸಬೇಕು.

4. ಕರೆದರೂ ಎಚ್ಚರವಾಗದಿರುವುದು, ಉಸಿರಾಟ ತೀರಾ ನಿಧಾನವಾಗುವುದು, ತುಟಿ ನೀಲಿಗಟ್ಟುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು ಅತಿಸೇವನೆಯ ಲಕ್ಷಣಗಳು. 'ಮಲಗಿ ಎದ್ದರೆ ಸರಿಹೋಗುತ್ತದೆ' ಎಂದು ಬಿಡಬಾರದು, ಬಾಯಿಗೆ ಏನನ್ನೂ ಹಾಕಬಾರದು. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಕರೆ ಮಾಡಬೇಕು. ನಲೋಕ್ಸೋನ್ ಚುಚ್ಚುಮದ್ದು ಈ ವಿಷವನ್ನು ಹಿಮ್ಮೆಟ್ಟಿಸುತ್ತದೆ. ಅದು ಸಮೀಪದ ಯಾವ ಆಸ್ಪತ್ರೆಯಲ್ಲಿ ಲಭ್ಯವೆಂಬುದನ್ನು ಪಂಚಾಯಿತಿಯು ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು.

5. ವ್ಯಸನಮುಕ್ತಿ ಕೇಂದ್ರದಿಂದ ಅಥವಾ ಕಾರಾಗೃಹದಿಂದ ಮರಳಿದವರಿಗೆ ಹಳೆಯ ಪ್ರಮಾಣವೇ ಪ್ರಾಣಾಪಾಯ ತರಬಲ್ಲದು. ದೇಹದ ಸಹಿಷ್ಣುತೆ ಆ ವೇಳೆಗೆ ಕುಗ್ಗಿರುತ್ತದೆ. ಮದ್ಯ ಬೆರೆತರೆ ಅಪಾಯ ಇನ್ನೂ ಹೆಚ್ಚು. ಇಂಥವರ ಕುಟುಂಬಕ್ಕೆ ಮುಂಚಿತವಾಗಿ ತಿಳುವಳಿಕೆ ನೀಡಬೇಕು.

ವ್ಯಸನಮುಕ್ತಿ ಸಹಾಯವಾಣಿ 14446 ಹಾಗೂ ಹಲವು ಭಾರತೀಯ ಭಾಷೆಗಳಲ್ಲಿ ಸಲಹೆ ನೀಡುವ ಟೆಲಿ ಮಾನಸ್ 14416 ಸಂಖ್ಯೆಗಳನ್ನು ಪಂಚಾಯಿತಿ ಕಚೇರಿಯಲ್ಲಿ, ಔಷಧಿ ಅಂಗಡಿಗಳಲ್ಲಿ ಹಾಗೂ ಕಾರ್ಮಿಕರ ಶೆಡ್ಡುಗಳಲ್ಲಿ ಸ್ಥಳೀಯವಾಗಿ ಬಳಕೆಯಲ್ಲಿರುವ ಎಲ್ಲ ಭಾಷೆಗಳಲ್ಲಿ ಪ್ರದರ್ಶಿಸುವುದು ಸೂಕ್ತ. ಗ್ರಾಮದ ಗಡಿಯೊಳಗೆ ವಾಸಿಸುವ ಪ್ರತಿಯೊಬ್ಬರೂ, ಮತದಾರರ ಪಟ್ಟಿಯಲ್ಲಿ ಇರಲಿ ಇಲ್ಲದಿರಲಿ, ಪಂಚಾಯಿತಿಯ ಕಾಳಜಿಗೆ ಸೇರಿದವರೇ ಎಂಬುದನ್ನು ಸದಸ್ಯರು ತಮ್ಮ ಕಾರ್ಯದಲ್ಲಿ ತೋರಿಸಿಕೊಡಬೇಕಾಗಿದೆ.